ಸದನದೊಳಗೊಬ್ಬ ಸತ್ಯಾಗ್ರಹಿ

ಕಾಸರಗೋಡಿನ ಪ್ರಶ್ನೆಯನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆಗೆ ಕೊರತೆಯಿಲ್ಲ. ಆದರೆ ಆ ಸೀಮೆಯು ಕೇರಳಕ್ಕೆ ಸೇರಿಹೋದ ತರುವಾಯದ ಮೂರು ಮಹಾಚುನಾವಣೆಗಳಲ್ಲಿ, ಅಂದರೆ 1957, 1962 ಮತ್ತು 1967ರಲ್ಲಿ, ಅಲ್ಲಿಂದ ಲೋಕಸಭೆಗೆ ಆರಿಸಿಹೋದವರು ಯಾರು, ಅವರು ಎಂತಹ ಮನುಷ್ಯರು, ದಿಲ್ಲಿಯ ಆ ವರ್ತುಲಾಕಾರದ ಸೌಧದಲ್ಲಿ ಕುಳಿತು ಅವರು ಸಾಧಿಸಿದುದೇನು ಎಂಬುದನ್ನು ವಿಚಾರಿಸಿದ ಬರಹಗಳು ನಮ್ಮಲ್ಲಿ ವಿರಳ. ಮಂಜೇಶ್ವರದ ಕನ್ನಡಿಗನೂ ನೀಲೇಶ್ವರದ ಮಲೆಯಾಳಿಯೂ, ತುಳುವನೂ ಬ್ಯಾರಿಯೂ ಒಂದೇ ಕ್ಷೇತ್ರದ ಮತದಾರರಾಗಿ ಹದಿನಾಲ್ಕು ವರ್ಷಕಾಲ ಹೊಂದಿದ್ದ ಆ ಪ್ರತಿನಿಧಿ ಆಯಿಲ್ಯತ್ ಕುಟ್ಟ್ಯಾರಿ ಗೋಪಾಲನ್. ಮಲೆಯಾಳ ನಾಡಿನಲ್ಲಿ ಅವರು ಕೇವಲ ಎ.ಕೆ.ಜಿ.; ಬಡವರ ದಂಡನಾಯಕನೆಂಬ ಅರ್ಥದ ಬಿರುದೊಂದು ಅಲ್ಲಿಯ ಜನರ ಬಾಯಲ್ಲಿ ಅವರ ಹೆಸರಿಗೆ ಅಂಟಿಕೊಂಡಿತ್ತು. ಕೇರಳದ ಹೊರಗೆ ಅವರನ್ನು ಬಲ್ಲವರು ಹೆಚ್ಚಾಗಿ ಕಾನೂನಿನ ವಿದ್ಯಾರ್ಥಿಗಳು, ಅದೂ ಮನುಷ್ಯನಾಗಿ ಅಲ್ಲದೆ ಒಂದು ಮೊಕದ್ದಮೆಯ ಶೀರ್ಷಿಕೆಯಾಗಿ.

1952ರಿಂದ 1977ರವರೆಗೆ, ಒಂದೂ ಚುನಾವಣೆಯಲ್ಲಿ ಸೋಲದೆ, ಐದು ಲೋಕಸಭೆಗಳಲ್ಲಿ ಸದಸ್ಯರಾಗಿದ್ದ ಈ ಮನುಷ್ಯನಿಗೆ ಸಂಸತ್ತಿನ ಮೇಲೆ ಪೂರ್ಣವಿಶ್ವಾಸವು ಎಂದೂ ಇರಲಿಲ್ಲ. ವಿಶ್ವಾಸವಿಲ್ಲದ ಸಂಸ್ಥೆಯೊಂದನ್ನು ಇಪ್ಪತ್ತೈದು ವರ್ಷಕಾಲ ಬಿಡದೆ ಹಿಡಿದುಕೊಂಡು, ಅದರ ನಿಯಮಗಳಿಗೆ ತಲೆಬಾಗಿ, ಅದರಿಂದ ದೊರೆಯುವಷ್ಟನ್ನು ಹಿಂಡಿ ತೆಗೆದು, ಉಳಿದುದಕ್ಕಾಗಿ ಬೀದಿಗೆ ಇಳಿಯುತ್ತಿದ್ದ ಈ ವಿಲಕ್ಷಣ ಕ್ರಮವೇ ಅವರ ರಾಜಕೀಯ ಜೀವನದ ಕೀಲಿಕೈ ಎಂದು ನನ್ನ ತಿಳಿವಳಿಕೆ.

ಗೋಪಾಲನ್ 1904ರ ಅಕ್ಟೋಬರ್ 1ರಂದು ಉತ್ತರ ಮಲಬಾರಿನ ಕಣ್ಣೂರಿಗೆ ಅನತಿದೂರದ ಪೆರಳಶ್ಶೇರಿಯ ಬಳಿ, ಸ್ಥಿತಿವಂತ ನಂಬಿಯಾರ್ ಮನೆತನವೊಂದರಲ್ಲಿ ಹುಟ್ಟಿದರು. ತಲಶ್ಶೇರಿಯಲ್ಲಿ ಓದಿ, ಕೆಲವು ವರ್ಷ ಶಾಲಾ ಉಪಾಧ್ಯಾಯರಾಗಿದ್ದು, ಖಾದಿಯ ಪ್ರಚಾರಕ್ಕೆ ಮನಸೋತು, 1930ರ ಉಪ್ಪಿನ ಸತ್ಯಾಗ್ರಹದ ಹೊತ್ತಿಗೆ ಕೆಲಸವನ್ನು ಬಿಟ್ಟು ಸೆರೆಮನೆಗೆ ಹೋದವರು ಅವರು. ಮರುವರ್ಷ ಗುರುವಾಯೂರಿನ ದೇವಾಲಯವನ್ನು ಸಕಲ ಹಿಂದೂಗಳಿಗೂ ತೆರೆಯಬೇಕೆಂದು ಕೆ. ಕೇಳಪ್ಪನ್‌ರವರ ನೇತೃತ್ವದಲ್ಲಿ ಸತ್ಯಾಗ್ರಹವು ಆರಂಭವಾದಾಗ ಸ್ವಯಂಸೇವಕರ ದಳಪತಿಯಾಗಿದ್ದವರು ಗೋಪಾಲನ್‌ರೇ. ದೇವಾಲಯದ ಕಾವಲಿನವರ ಕೈಯಲ್ಲಿ ಪ್ರಜ್ಞೆ ತಪ್ಪುವಷ್ಟು ಪೆಟ್ಟು ತಿಂದವರೂ ಅವರೇ. ಪಯ್ಯನ್ನೂರಿನ ಬಳಿಯ ಕಂಡೋತಿನಲ್ಲಿ ಅಸ್ಪೃಶ್ಯರೆನಿಸಿದವರನ್ನು ಅವರಿಗೆ ನಿಷಿದ್ಧವಾಗಿದ್ದ ಹಾದಿಯಲ್ಲಿ ಕರೆದೊಯ್ದುದಕ್ಕೂ ಅದೇ ಬಹುಮಾನ ದೊರೆಯಿತು. 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷ, ದಶಕದ ಅಂತ್ಯದಲ್ಲಿ ಕಮ್ಯೂನಿಸ್ಟ್ ಪಕ್ಷ: ಮಲಬಾರಿನ ಆ ತಲೆಮಾರಿನ ಅನೇಕರು ನಡೆದ ಹಾದಿ ಇದು. ಈ ನಡುವೆ 1936ರಲ್ಲಿ ಕಣ್ಣೂರಿನಿಂದ ಮದರಾಸಿನವರೆಗೆ ಹಸಿದವರ ಮೆರವಣಿಗೆಯೊಂದನ್ನು ಅವರು ಕಾಲ್ನಡಿಗೆಯಲ್ಲಿ ನಡೆಸಿದರು. ಯುದ್ಧಕಾಲದಲ್ಲಿ ಬಂಧಿತರಾಗಿ, 1941ರಲ್ಲಿ ವೆಲ್ಲೂರಿನ ಸೆರೆಮನೆಯ ಗೋಡೆಯನ್ನು ಕೊರೆದು ಸಂಗಡಿಗರೊಡನೆ ತಪ್ಪಿಸಿಕೊಂಡು, ಯುದ್ಧ ಮುಗಿಯುವತನಕ ಭೂಗತರಾಗಿದ್ದರು. 1947ರ ಆಗಸ್ಟ್ 15ರಂದು, ಯಾವ ಸ್ವಾತಂತ್ರ್ಯಕ್ಕಾಗಿ ಪದೇ ಪದೇ ಸೆರೆವಾಸ ಅನುಭವಿಸಿದ್ದರೋ ಅದು ಬಂದ ದಿನ, ಅವರು ಇದ್ದುದು ಕಣ್ಣೂರಿನ ಸೆರೆಮನೆಯಲ್ಲಿ. ಕೆಲವು ವಾರಗಳಲ್ಲಿ ಬಿಡುಗಡೆ, ಅದೇ ವರ್ಷಾಂತ್ಯದಲ್ಲಿ ಪುನಃ ಬಂಧನ.

ಸಂವಿಧಾನವು ಜಾರಿಗೆ ಬಂದು ಒಂದು ತಿಂಗಳಾಗುವಷ್ಟರಲ್ಲಿ, 1950ರ ಫೆಬ್ರುವರಿ ಕೊನೆಯಲ್ಲಿ, ತಾತ್ಕಾಲಿಕ ಸಂಸತ್ತು ಮುಂಜಾಗ್ರತಾ ಬಂಧನದ ಕಾಯಿದೆಯನ್ನು ಅಂಗೀಕರಿಸಿತು. ಅಪರಾಧವನ್ನು ಮಾಡಿದವನನ್ನಲ್ಲದೆ ಮಾಡಿಯಾನೆಂದು ಸರಕಾರಕ್ಕೆ ಶಂಕೆಯುಂಟಾದವನನ್ನೂ ವಿಚಾರಣೆಯಿಲ್ಲದೆ ಇಡಬಹುದಾದ ಈ ಕಾಯಿದೆಯಂತೆ, ಆಗಲೇ ಮದರಾಸು ಸರಕಾರದ ಸೆರೆಯಲ್ಲಿದ್ದ ಗೋಪಾಲನ್‌ರಿಗೆ ಮಾರ್ಚ್ 1ರಂದು ಹೊಸ ಆಜ್ಞೆಯನ್ನು ಜಾರಿಮಾಡಲಾಯಿತು. ಅವರು ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಮೊರೆಹೋದರು. ಬೂರ್ಜ್ವಾ ಸಂವಿಧಾನವೆಂದು ತಮ್ಮ ಪಕ್ಷವು ಜರೆಯುತ್ತಿದ್ದ ಗ್ರಂಥದ ಮೂಲಭೂತ ಹಕ್ಕುಗಳ ಭಾಗವನ್ನು ಕೈಯಲ್ಲಿ ಹಿಡಿದು, ಆ ಹಕ್ಕುಗಳಿಗೆ ಅರ್ಥವುಂಟೇ ಇಲ್ಲವೇ ಎಂದು ಆ ನ್ಯಾಯಾಲಯದ ಮುಂದೆ ಮೊತ್ತಮೊದಲು ವಿಸ್ತಾರವಾಗಿ ಪ್ರಶ್ನಿಸಿದವನು ಕಮ್ಯೂನಿಸ್ಟನಾಗಿದ್ದನೆಂಬುದು ನಮ್ಮ ಗಣರಾಜ್ಯದ ಇತಿಹಾಸದ ಒಂದು ಸ್ವಾರಸ್ಯ.

ಈ ಮೊಕದ್ದಮೆಯಲ್ಲಿ ನಮ್ಮ ಕರಾವಳಿಯ ನೆರಳು ಎರಡು ಕಡೆ ಬೀಳುತ್ತದೆ. ಸಂವಿಧಾನದ 21ನೆಯ ಅನುಚ್ಛೇದದಂತೆ ಯಾರ ಜೀವವನ್ನಾಗಲಿ ದೈಹಿಕ ಸ್ವಾತಂತ್ರ್ಯವನ್ನಾಗಲಿ ಕಾನೂನಿನಿಂದ ಸ್ಥಾಪಿತವಾದ ಕ್ರಮವನ್ನು ಅನುಸರಿಸಿಯಲ್ಲದೆ ಕಸಿದುಕೊಳ್ಳಕೂಡದು. ಅಮೆರಿಕದ ಸಂವಿಧಾನದಲ್ಲಿರುವಂತೆ ಆ ಕ್ರಮವು ನ್ಯಾಯಯುತವೂ ಆಗಿರತಕ್ಕದ್ದೆಂಬ ಅರ್ಥದ ಪದಗಳು ಮೊದಲಿನ ಕರಡಿನಲ್ಲಿದ್ದುವು. ಅವನ್ನು ಕೈಬಿಡುವ ನಿರ್ಣಯದ ಹಿಂದೆ ಇದ್ದವರು ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗರಾಯರು. ಅಮೆರಿಕಕ್ಕೆ ಹೋಗಿದ್ದಾಗ ಅಲ್ಲಿಯ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಕೊಟ್ಟ ಎಚ್ಚರಿಕೆಯ ಮಾತು ಅವರ ಮನಸ್ಸಿನಲ್ಲಿ ನಾಟಿತ್ತು: ಚುನಾಯಿತ ಶಾಸನಸಭೆಯ ಕಾಯಿದೆಗಳನ್ನು ನ್ಯಾಯಾಧೀಶರು ತಮ್ಮ ಮನೋಧರ್ಮಕ್ಕೆ ತಕ್ಕಂತೆ ಹೊಡೆದುಹಾಕುವ ಅಧಿಕಾರವು ಪ್ರಜಾಪ್ರಭುತ್ವಕ್ಕೆ ಹಿತವಲ್ಲವೆಂಬುದು ಅದರ ತಾತ್ಪರ್ಯ. ಇತ್ತ ಗೋಪಾಲನ್‌ರ ಪರವಾಗಿ ವಾದಿಸಿದ ಎಂ. ಕೆ. ನಂಬಿಯಾರ್‌ರೂ ಕೆಲಕಾಲ ಮಂಗಳೂರಿನಲ್ಲಿ ವಕೀಲಿ ನಡೆಸಿದ್ದವರು. ಇಲ್ಲಿ ಕಾನೂನೆಂದರೆ ಶಾಸನಸಭೆ ಮುದ್ರಿಸಿಕೊಟ್ಟ ಕಾಗದ ಮಾತ್ರವಲ್ಲ, ಸಹಜ ನ್ಯಾಯದ ತತ್ತ್ವಗಳೂ ಅದರೊಳಗೆ ಅಡಕವಾಗಿವೆ ಎಂಬುದು ನಂಬಿಯಾರ್‌ರ ವಾದದ ಸಾರ. ನರಸಿಂಗರಾಯರು ಮುಚ್ಚಿದ ಬಾಗಿಲನ್ನು ನಂಬಿಯಾರ್‌ರು ತಟ್ಟಿದರೆಂದು ಹೇಳಿದರೆ ತಪ್ಪಾಗಲಾರದು.

1950ರ ಮೇ 19ರಂದು ಆರು ಮಂದಿ ನ್ಯಾಯಮೂರ್ತಿಗಳು ತೀರ್ಪಿತ್ತರು. ಬಂಧನದ ಕಾರಣಗಳನ್ನು ಬಂದಿಯು ನ್ಯಾಯಾಲಯಕ್ಕೂ ತಿಳಿಸಕೂಡದೆಂದು ವಿಧಿಸಿದ್ದ 14ನೆಯ ಪ್ರಕರಣವನ್ನು ಅಸಿಂಧುವೆಂದು ಹೊಡೆದುಹಾಕಿದುದೊಂದನ್ನು ಬಿಟ್ಟರೆ, ಬಹುಮತವು ಸರಕಾರದ ಕಡೆಗೇ ಇದ್ದಿತು. ಶಾಸನಸಭೆ ಕ್ರಮವನ್ನು ವಿಧಿಸಿದೆ, ಸರಕಾರ ಅದನ್ನು ಅನುಸರಿಸಿದೆ, ಅಷ್ಟಾದರೆ ಸಾಕು. ಆ ಕ್ರಮವು ನ್ಯಾಯವೇ ಅಲ್ಲವೇ ಎಂಬುದು ತಮ್ಮ ವಿಚಾರವಲ್ಲವೆಂದು ಮುಖ್ಯ ನ್ಯಾಯಮೂರ್ತಿ ಕನಿಯಾ ಮತ್ತು ಅವರ ಜೊತೆಗಾರರು ಅಭಿಪ್ರಾಯಪಟ್ಟರು. ಭಿನ್ನಮತ ಬರೆದು, ಮೂರು ತಿಂಗಳನ್ನು ಮೀರಿದ ಬಂಧನಕ್ಕೆ ಅವಕಾಶವೀಯುವ 12ನೆಯ ಪ್ರಕರಣವೂ ಅಸಿಂಧುವೆಂದು ಹೇಳಿದವರು ಇಬ್ಬರು: ಸಯ್ಯದ್ ಫಜಲ್ ಅಲಿ ಮತ್ತು ಮೆಹರ್ ಚಂದ್ ಮಹಾಜನ್. ಈ ಎರಡು ಹೆಸರುಗಳನ್ನು ಕನ್ನಡ ಓದುಗರು ನೆನಪಿನಲ್ಲಿಟ್ಟುಕೊಳ್ಳುವುದೊಳ್ಳೆಯದು. ಅವು ಮುಂದೆ ಪುನಃ ಬರಲಿವೆ. ಸರ್ವೋಚ್ಚ ನ್ಯಾಯಾಲಯಕ್ಕೆ ಆಗ ಸ್ವಂತ ಕಟ್ಟಡವಿರಲಿಲ್ಲ. ಸಂಸತ್ ಭವನದೊಳಗೆ ಹಿಂದೆ ರಾಜಮಹಾರಾಜರ ಮಂಡಲವು ಸೇರುತ್ತಿದ್ದ ಸಭಾಂಗಣದಲ್ಲಿಯೇ ಅದು ನಡೆಯುತ್ತಿದ್ದಿತು. ಆದುದರಿಂದ ಗೋಪಾಲನ್‌ರು ಮೊಕದ್ದಮೆಯನ್ನು ಸೋತುದೂ ಎರಡು ವರ್ಷಗಳ ತರುವಾಯ ಶಾಸನಕರ್ತರಾಗಿ ಪ್ರಮಾಣವಚನ ಸ್ವೀಕರಿಸಿದುದೂ ಒಂದೇ ಛಾವಣಿಯ ಕೆಳಗೆ.

ಮೊದಲನೆಯ ಮಹಾಚುನಾವಣೆಯಲ್ಲಿ ಅವರು ಗೆದ್ದುದು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಕಣ್ಣೂರಿನಿಂದ. ಲೋಕಸಭೆಯಲ್ಲಿ ಕಮ್ಯೂನಿಸ್ಟ್ ಪಕ್ಷದ ಸ್ಥಾನಗಳು ಕೇವಲ 16. ಆದರೂ ಕಾಂಗ್ರೆಸ್ಸಿನ ಎದುರು ಚದುರಿಹೋಗಿದ್ದ ವಿರೋಧಿಗಳಲ್ಲಿ ಅದೇ ದೊಡ್ಡ ಗುಂಪು, ಅದರ ನಾಯಕ ಗೋಪಾಲನ್. ಸದಸ್ಯಸಂಖ್ಯೆಯ ಹತ್ತನೆಯ ಒಂದು ಪಾಲಾದರೂ ಇಲ್ಲದ ಗುಂಪನ್ನು ಪಕ್ಷವೆಂದು ಮನ್ನಿಸಲು ಸ್ಪೀಕರ್ ಮಾವಳಂಕರರು ಒಪ್ಪದಿದ್ದುದರಿಂದ ವಿರೋಧಪಕ್ಷದ ನಾಯಕನೆಂಬ ಪದವಿಯೇನೂ ಅವರಿಗೆ ದಕ್ಕಲಿಲ್ಲ. ಅವರ ಪಕ್ಕದಲ್ಲಿ ಕುಳಿತಿದ್ದ ಕಲಕತ್ತೆಯ ಹೀರೇನ್ ಮುಖರ್ಜಿ ಆಕ್ಸ್‌ಫರ್ಡಿನಲ್ಲಿ ಓದಿ ಬ್ಯಾರಿಸ್ಟರರಾಗಿ ಬಂದವರು, ಸಂಸ್ಕೃತವನ್ನೂ ಶೇಕ್ಸ್‌ಪಿಯರನನ್ನೂ ಸಮಾನ ಸಲಿಗೆಯಿಂದ ಬಲ್ಲವರು. ನೆಹರೂರವರು ಅವರ ಭಾಷಣಗಳಿಗೆ ಮನಸಾರೆ ಕಿವಿಗೊಡುತ್ತಿದ್ದರು. ಹಳ್ಳಿಯ ಮೇಷ್ಟರ ಇಂಗ್ಲಿಷನ್ನು ಆಡುತ್ತಿದ್ದ ಗೋಪಾಲನ್‌ರಿಗೆ ಅಂತಹ ವಾಗ್ವಿಲಾಸವಿರಲಿಲ್ಲ. ಒಕ್ಕಲೆಬ್ಬಿಸಿದ ರೈತ, ಕೆಲಸ ಕಳೆದುಕೊಂಡ ನೇಕಾರ, ಲಾಠಿಯ ಪೆಟ್ಟು ತಿಂದ ಕೂಲಿ ಇವರ ಊರು ಕೇರಿಗಳನ್ನು ಸ್ವತಃ ಕಂಡುಬಂದು, ಕಂಡುದನ್ನು ಕಂಡಂತೆ ಸದನದ ಮುಂದಿಡುವುದು ಅವರ ಪದ್ಧತಿ. ಒಂದೇ ಗುಂಪಿನಲ್ಲಿ ಇಂತಹ ಇಬ್ಬರಿದ್ದುದು ಆ ಕಾಲದ ಸದನದ ಭಾಗ್ಯವೆನ್ನಬೇಕು.

ಸಂಸದನ ಜೀವನವು ಹೋರಾಟಗಾರನನ್ನು ಮೆಲ್ಲಮೆಲ್ಲನೆ ಮೃದುಗೊಳಿಸುವ ಪರಿಯನ್ನು ಅವರು ತಮ್ಮ ಆತ್ಮಕಥೆಯಲ್ಲಿ ನಿಷ್ಠುರವಾಗಿ ಗುರುತಿಸಿದ್ದಾರೆ. ಮೊದಲ ದರ್ಜೆಯ ರೈಲು ಪ್ರಯಾಣ, ದಿಲ್ಲಿಯ ಅನುಕೂಲವಾದ ವಸತಿ, ಕೈಗೆ ತಪ್ಪದೆ ಬರುವ ಹಣ: ಸೆರೆಮನೆಗಿಂತ ಇವು ಹೆಚ್ಚು ಅಪಾಯಕರವೆಂಬ ಭಯ ಅವರಿಗೆ. 1954ರ ಕಾಯಿದೆಯಂತೆ ಸದಸ್ಯನಿಗೆ ಸಲ್ಲುತ್ತಿದ್ದ ಸಂಬಳ ತಿಂಗಳಿಗೆ 400 ರೂಪಾಯಿ, ಅಧಿವೇಶನದ ದಿನಗಳಲ್ಲಿ ದಿನಕ್ಕೆ 21 ರೂಪಾಯಿ ಭತ್ಯ. ಇಂದಿನ ಲೆಕ್ಕಾಚಾರದಲ್ಲಿ ನಗೆ ಬರಿಸುವ ಈ ಮೊತ್ತವನ್ನೂ ಪಕ್ಷಕ್ಕೆ ಒಪ್ಪಿಸಿ, ಪಕ್ಷವು ನಿಗದಿಮಾಡಿದ ಜೀವನವೇತನವನ್ನು ಪಡೆಯುವುದು ಕಮ್ಯೂನಿಸ್ಟ್ ಸದಸ್ಯರ ರೂಢಿಯಾಗಿತ್ತು.

ಇನ್ನು ಕಾಸರಗೋಡಿನ ಮಾತು. 1953ರ ಕೊನೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ನೇಮಕವಾದಾಗ ಅದರ ಅಧ್ಯಕ್ಷರಾದವರು ಗೋಪಾಲನ್‌ರ ಮೊಕದ್ದಮೆಯಲ್ಲಿ ಭಿನ್ನಮತ ಬರೆದಿದ್ದ ಅದೇ ಫಜಲ್ ಅಲಿ. ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಬೇಕೆಂಬುದು ಆ ಆಯೋಗದ ಶಿಫಾರಸು. 1956ರ ನವೆಂಬರ್ 1ರಂದು ಅದು ಕಾರ್ಯಗತವಾಯಿತು. ಕಯ್ಯಾರ ಕಿಞ್ಞಣ್ಣ ರೈಗಳು ಆ ನೋವನ್ನು ತಮ್ಮ ಕಾವ್ಯದಲ್ಲಿಯೂ ಸಾರ್ವಜನಿಕ ಜೀವನದಲ್ಲಿಯೂ ತುಂಬಿಕೊಂಡು ಶತಾಯುಷಿಗಳಾಗುವವರೆಗೂ ಬಾಳಿದರು. 1957ರಲ್ಲಿ ನಡೆದ ಕೇರಳದ ಮೊದಲ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರವು ಪಕ್ಷೇತರರಾದ ಎಂ. ಉಮೇಶರಾಯರನ್ನು ಅವಿರೋಧವಾಗಿಯೇ ಆರಿಸಿ ತನ್ನ ಮನಸ್ಸನ್ನು ಸ್ಪಷ್ಟಪಡಿಸಿತು. ಅದೇ ಚುನಾವಣೆಯಲ್ಲಿ ಅದೇ ಮಂಜೇಶ್ವರವನ್ನು ಒಳಗೊಂಡ ಲೋಕಸಭಾ ಕ್ಷೇತ್ರದಿಂದ ಗೋಪಾಲನ್ ಗೆದ್ದರು. ಐಕ್ಯಕೇರಳದ ಪಕ್ಷಪಾತಿಯಾಗಿದ್ದ ಅವರ ಬಲವಿದ್ದುದು ಕ್ಷೇತ್ರದ ದಕ್ಷಿಣಭಾಗದ ರೈತರಲ್ಲಿ.

ಆ ದಕ್ಷಿಣಭಾಗವೂ ಕನ್ನಡಕ್ಕೆ ಅಪರಿಚಿತವೇನಲ್ಲ. ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಯ್ಯೂರಿನ ನಾಲ್ವರು ರೈತ ತರುಣರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದ ಪ್ರಸಂಗವು, ನೀಲೇಶ್ವರದಲ್ಲಿ ವಿದ್ಯಾರ್ಥಿಯಾಗಿದ್ದ ನಿರಂಜನರ ಲೇಖನಿಯಿಂದ 'ಚಿರಸ್ಮರಣೆ'ಯಾಗಿ 1955ರಲ್ಲಿ ಕನ್ನಡಕ್ಕೆ ಬಂದಿತು. ಕಾಸರಗೋಡಿನ ಬೇವಿಂಜೆಯಲ್ಲಿ ಹುಟ್ಟಿದ ಬಿ. ವಿ. ಕಕ್ಕಿಲ್ಲಾಯರು 1952ರಿಂದ 1954ರವರೆಗೆ ರಾಜ್ಯಸಭೆಯಲ್ಲಿದ್ದ ಕಮ್ಯೂನಿಸ್ಟರು. ಭಾಷಾವಾರು ಪ್ರಾಂತಗಳ ಬೇಡಿಕೆಯನ್ನು ಅವರು ಬೆಂಬಲಿಸಿದುದು ಏಕೀಕೃತ ಕರ್ನಾಟಕದ ಕಡೆಯಿಂದ. ಒಂದೇ ಸಿದ್ಧಾಂತ, ಒಂದೇ ಪಕ್ಷ, ಒಂದೇ ನೆಲ; ಆದರೆ ಭಾಷೆಯ ಪ್ರಶ್ನೆ ಬಂದಾಗ ಚಂದ್ರಗಿರಿ ಹೊಳೆಯ ಒಂದು ದಡದವನಿಗೆ ಬೆಂಗಳೂರೂ ಇನ್ನೊಂದು ದಡದವನಿಗೆ ತಿರುವನಂತಪುರವೂ ರಾಜಧಾನಿಯಾಗಿ ತೋರುತ್ತಿದ್ದುವು.

ಈ ವಿವಾದವನ್ನು ಪುನಃ ಪರಿಶೀಲಿಸಲೆಂದು 1966ರ ಅಕ್ಟೋಬರಿನಲ್ಲಿ ಏಕಸದಸ್ಯ ಆಯೋಗವೊಂದನ್ನು ನೇಮಿಸಲಾಯಿತು. ಆ ಸದಸ್ಯರು ಮೆಹರ್ ಚಂದ್ ಮಹಾಜನ್‌ರು. ಆಯೋಗದ ವಿಚಾರಣೆ ನಡೆಯುತ್ತಿದ್ದಂತೆಯೇ ಬಂದ 1967ರ ಚುನಾವಣೆಯಲ್ಲಿ ಗೋಪಾಲನ್ ಕಾಸರಗೋಡಿನಿಂದ ಮೂರನೆಯ ಸಲ ಆರಿಸಿಬಂದರು. ಅದೇ ವರ್ಷ ಮಹಾಜನ್‌ರು ಚಂದ್ರಗಿರಿಯಿಂದ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ವರದಿಯಿತ್ತರು. ಹೀಗೆ, 1950ರಲ್ಲಿ ಗೋಪಾಲನ್‌ರ ಬಿಡುಗಡೆಗೆ ಒಪ್ಪಿದ ಇಬ್ಬರೇ ನ್ಯಾಯಮೂರ್ತಿಗಳಲ್ಲಿ ಒಬ್ಬರು ಕಾಸರಗೋಡನ್ನು ಕೇರಳಕ್ಕೆ ಕೊಟ್ಟು ಅವರ ಭಾವೀ ಕ್ಷೇತ್ರವನ್ನು ನಿರ್ಮಿಸಿದರು, ಮತ್ತೊಬ್ಬರು ಆ ಕ್ಷೇತ್ರದ ಉತ್ತರಾರ್ಧವನ್ನು ಕತ್ತರಿಸಿ ಕನ್ನಡಿಗರಿಗೆ ಕೊಡಿರೆಂದರು. ವಿಧಿಯ ಲೀಲೆಯೆಂದು ನಂಬುವವರು ಹಾಗೆಯೇ ನಂಬಿಕೊಳ್ಳಲಿ. ನನಗೆ ಕಾಣುವುದು ಇಷ್ಟೆ, ಆ ಕಾಲದ ಭಾರತವು ತನ್ನ ಕಠಿಣ ಪ್ರಶ್ನೆಗಳನ್ನೆಲ್ಲ ಬೆರಳೆಣಿಕೆಯ ಕೆಲವೇ ನ್ಯಾಯಾಧೀಶರ ಹೆಗಲಿಗೆ ಹೊರಿಸಿತ್ತು. ಮಹಾಜನ ವರದಿ ಜಾರಿಗೆ ಬರಲಿಲ್ಲವೆಂಬುದನ್ನು ನಮ್ಮವರಿಗೆ ಹೇಳಬೇಕಾಗಿಲ್ಲ.

ಬೆಂಗಳೂರಿನವರು ಗೋಪಾಲನ್‌ರಿಗೆ ಬೇರೊಂದು ಬಗೆಯಲ್ಲಿ ಋಣಿಗಳು. ಕಾಫಿ ಬೋರ್ಡಿನ ಕೇಂದ್ರಸ್ಥಾನವು ಬೆಂಗಳೂರು. ಜನರಿಗೆ ಕಾಫಿಯ ರುಚಿ ಹತ್ತಿಸಲೆಂದು ಸ್ವಾತಂತ್ರ್ಯಪೂರ್ವದಲ್ಲಿ ನಾಡಿನಾದ್ಯಂತ ತೆರೆದಿದ್ದ ಕಾಫಿ ಹೌಸುಗಳನ್ನು 1950ರ ದಶಕದ ನಡುವೆ ಅದು ಮುಚ್ಚತೊಡಗಿತು. ಉದ್ದೇಶವು ನೆರವೇರಿದ ಮೇಲೆ ಅಂಗಡಿಯೇಕೆಂಬುದು ಬೋರ್ಡಿನ ತರ್ಕ. ಪರಿಣಾಮವೆಂದರೆ ಅಲ್ಲಿ ಲೋಟ ತೊಳೆಯುತ್ತ, ಬಡಿಸುತ್ತ ಬಾಳಿದ್ದ ಅಸಂಖ್ಯ ಜನ ಬೀದಿಪಾಲಾಗುವುದು. ನೌಕರರ ಸಂಘದೊಡನೆ ಸಂಬಂಧವಿದ್ದ ಗೋಪಾಲನ್‌ರು ಇಲ್ಲಿ ಮುಷ್ಕರದ ಹಾದಿಯನ್ನು ಹಿಡಿಯಲಿಲ್ಲ. ನೌಕರರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡು ಆ ಹೌಸುಗಳನ್ನು ತಾವೇ ನಡೆಸಲೆಂದು ಅವರು ಸೂಚಿಸಿದರು. ದಿಲ್ಲಿಯಲ್ಲಿ ಅದಕ್ಕೆ ಒಪ್ಪಿಗೆ ದೊರಕಿಸಲು ತಮ್ಮ ಸಂಸದ ಸ್ಥಾನವನ್ನು ಉಪಯೋಗಿಸಿಕೊಂಡರು. ಆ ಸಹಕಾರ ಸಂಘಗಳಲ್ಲಿ ಮೊದಲನೆಯದು 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿಯೇ ಸ್ಥಾಪಿತವಾಯಿತು; ಅದೇ ಅಕ್ಟೋಬರಿನಲ್ಲಿ ದಿಲ್ಲಿಯ ಸಂಘವು ತನ್ನ ಮೊದಲ ಕಾಫಿ ಹೌಸನ್ನು ತೆರೆಯಿತು; ಮುಂದೆ ತ್ರಿಶ್ಶೂರು ಮೊದಲಾದೆಡೆ ಅವು ಹಬ್ಬಿದುವು. ಬಿಳಿಯ ಉಡುಪು, ಬೀಸಣಿಗೆಯಂತೆ ಮಡಿಕೆಯಿಟ್ಟ ರುಮಾಲು, ಬಣ್ಣದ ನಡುಪಟ್ಟಿಯ ಪರಿಚಾರಕರಿಂದ ಮಹಾತ್ಮ ಗಾಂಧಿ ರಸ್ತೆಯಲ್ಲಿ, 2009ರ ತರುವಾಯ ಚರ್ಚ್ ಸ್ಟ್ರೀಟಿನಲ್ಲಿ ಕಾಫಿ ತರಿಸಿಕೊಂಡು ಗಂಟೆಗಟ್ಟಲೆ ಹರಟಿದ ಲೇಖಕರೂ ಪತ್ರಕರ್ತರೂ, ತಾವು ಕುಳಿತ ಮೇಜಿನ ಒಡೆಯನು ತಮಗೆ ಬಡಿಸುತ್ತಿರುವಾತನೇ ಎಂಬುದನ್ನು ಎಷ್ಟು ಮಂದಿ ಅರಿತಿದ್ದರೋ! ಕ್ರಾಂತಿಯ ಮಾತನ್ನು ಆಡುತ್ತಿದ್ದ ಈ ಮನುಷ್ಯ ಕಟ್ಟಿಸಿದುವುಗಳಲ್ಲಿ ಚಿರಕಾಲ ಬಾಳಿದುದು ಸಹಕಾರ ಕಾಯಿದೆಯ ಮೇರೆಯೊಳಗೆ ನೋಂದಾವಣೆಯಾದ ಈ ಸಂಸ್ಥೆಗಳೇ.

1957ರ ಏಪ್ರಿಲಿನಲ್ಲಿ ಕೇರಳದಲ್ಲಿ ಅಧಿಕಾರಕ್ಕೆ ಬಂದಿದ್ದ ನಂಬೂದಿರಿಪಾಡರ ಕಮ್ಯೂನಿಸ್ಟ್ ಸರಕಾರವನ್ನು 1959ರ ಜುಲೈ 31ರಂದು ಕೇಂದ್ರವು ವಜಾಮಾಡಿದ ಕಥೆಯು ಸರ್ವವಿದಿತವಾದುದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ. ಆ ಸರಕಾರದ ಭೂಸುಧಾರಣೆಯ ಶಾಸನಕ್ಕೆ ಅಂಕಿತ ಬಾರದೆ ಕಾಲಹರಣವಾಗುತ್ತಿದ್ದಾಗ ಗೋಪಾಲನ್ 1960ರಲ್ಲಿ ಕಾಸರಗೋಡಿನಿಂದ ತಿರುವನಂತಪುರದವರೆಗೆ ರೈತರ ಜಾಥಾ ನಡೆಸಿದರು. ಅದರ ಮರುವರ್ಷದ ಅಮರಾವತಿ ಪ್ರಕರಣವಂತೂ ಅವರ ಸ್ವಭಾವಕ್ಕೆ ಕನ್ನಡಿ. ಇಡುಕ್ಕಿ ಜಲವಿದ್ಯುತ್ ಯೋಜನೆಗಾಗಿ ಅಯ್ಯಪ್ಪನ್‌ಕೋವಿಲಿನಿಂದ ಒಕ್ಕಲೆಬ್ಬಿಸಿದ ಕುಟುಂಬಗಳನ್ನು, ಮಳೆಗಾಲದ ಹೊಸ್ತಿಲಲ್ಲಿ, ಕುಮಳಿಯ ಬಳಿಯ ಅಮರಾವತಿಯೆಂಬ ಕಾಡಿನಲ್ಲಿ ಯಾವ ಏರ್ಪಾಡೂ ಇಲ್ಲದೆ ಇಳಿಸಲಾಗಿತ್ತು. ಹೆಚ್ಚಿನವರು ಕ್ರೈಸ್ತ ವಲಸೆಗಾರರು. ಎರಡು ವರ್ಷಗಳ ಹಿಂದಷ್ಟೆ ಕಮ್ಯೂನಿಸ್ಟ್ ಸರಕಾರವನ್ನು ಉರುಳಿಸಲು ಚರ್ಚಿನ ಕರೆಯಂತೆ ಬೀದಿಗಿಳಿದಿದ್ದ ಸಮುದಾಯಕ್ಕೆ ಸೇರಿದವರು. ಅವರ ಮತ ತಮ್ಮ ಪಕ್ಷಕ್ಕೆ ಬರುವಂತಿರಲಿಲ್ಲ; ಆದರೂ 1961ರ ಜೂನಿನಲ್ಲಿ ಗೋಪಾಲನ್ ಅಲ್ಲಿಗೆ ಹೋಗಿ, ಸುರಿಯುವ ಮಳೆಯಲ್ಲಿ ಉಪವಾಸ ಹೂಡಿದರು. ಕಮ್ಯೂನಿಸ್ಟರ ವಿರುದ್ಧ ಆಗ ಸಿಡಿಲಿನಂತೆ ಗುಡುಗಿದ್ದ ವಡಕ್ಕನ್ ಪಾದ್ರಿಗಳು ಈ ಬಾರಿ ಗೋಪಾಲನ್‌ರ ಪಕ್ಕದಲ್ಲಿ ನಿಂತರು. ಪುನರ್ವಸತಿಯ ಭರವಸೆಯನ್ನು ಸರಕಾರದಿಂದ ಪಡೆದ ಮೇಲೆಯೇ ಉಪವಾಸವು ಮುಗಿಯಿತು. ಉಪವಾಸವೆಂಬುದು ಮಾರ್ಕ್ಸ್‌ವಾದದ ಆಯುಧವಲ್ಲವೆಂದು ಪಂಡಿತರು ಆಕ್ಷೇಪಿಸಬಹುದು. ಗುರುವಾಯೂರಿನಲ್ಲಿ ಕಲಿತುದನ್ನು ಮರೆಯಲು ಗೋಪಾಲನ್‌ರಿಗೆ ಯಾವ ಸಿದ್ಧಾಂತವೂ ಬಲವಂತಪಡಿಸಲಿಲ್ಲವೆಂದು ಕಾಣುತ್ತದೆ.

1964ರಲ್ಲಿ ಪಕ್ಷ ಒಡೆಯಿತು. ಏಪ್ರಿಲಿನಲ್ಲಿ ರಾಷ್ಟ್ರೀಯ ಮಂಡಲಿಯಿಂದ ಹೊರನಡೆದ 32 ಮಂದಿಯಲ್ಲಿ ಗೋಪಾಲನ್ ಒಬ್ಬರು. ಹೊಸದಾಗಿ ರೂಪುಗೊಂಡ ಮಾರ್ಕ್ಸ್‌ವಾದಿ ಪಕ್ಷದ ಒಂಬತ್ತು ಸದಸ್ಯರ ಮೊದಲ ಪಾಲಿಟ್‌ಬ್ಯೂರೋದಲ್ಲಿಯೂ ಒಬ್ಬರು. ವರ್ಷ ಮುಗಿಯುವುದರೊಳಗೆ ಭಾರತ ರಕ್ಷಣಾ ನಿಯಮಗಳಂತೆ ಸಂಸದರಾಗಿರುವಾಗಲೇ ಬಂಧಿತರಾದರು, ಪುನಃ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು, ಪುನಃ ಸೋತರು. 1967ರಲ್ಲಿ ಅವರೂ ಅವರ ಪತ್ನಿ, ತೆಂಗಿನ ನಾರಿನ ಕೆಲಸಗಾರ್ತಿಯರ ನಾಯಕಿಯಾಗಿದ್ದ ಸುಶೀಲಾ ಗೋಪಾಲನ್‌ರೂ ಒಂದೇ ಲೋಕಸಭೆಗೆ, ಕಾಸರಗೋಡು ಮತ್ತು ಅಂಬಲಪ್ಪುಳದಿಂದ ಆರಿಸಿಬಂದರು. 1971ರಲ್ಲಿ ಕಾಸರಗೋಡನ್ನು ಬಿಟ್ಟು ಪಾಲಕ್ಕಾಡಿನಿಂದ ಸ್ಪರ್ಧಿಸಿ ಐದನೆಯ ಬಾರಿ ಗೆದ್ದ ಈ ಹಿರಿಯರು, ಮರುವರ್ಷ ಹೆಚ್ಚುವರಿ ಭೂಮಿಯ ಹಂಚಿಕೆಗಾಗಿ ನಡೆದ ಚಳವಳಿಯಲ್ಲಿ ತಿರುವನಂತಪುರದ ಮುಡವನ್‌ಮುಗಳಿನ ಅರಮನೆಯ ತೋಟದ ಗೋಡೆಯನ್ನು ಹಾರಿ ಒಳನುಗ್ಗಿ ಬಂಧನಕ್ಕೊಳಗಾದರು. ಅರುವತ್ತೇಳರ ವಯಸ್ಸಿನ, ಲೋಕಸಭೆಯಲ್ಲಿ ಪಕ್ಷದ ನಾಯಕನೆನಿಸಿದ ಮನುಷ್ಯನು ಗೋಡೆ ಹಾರುವುದು ಮರ್ಯಾದೆಯೇ ಎಂದು ಕೇಳಿದವರೂ ಉಂಟು. ಕಾಯಿದೆಯನ್ನು ಮಾಡುವ ಸ್ಥಾನದಲ್ಲಿದ್ದವನೇ ಅದನ್ನು ಬಹಿರಂಗವಾಗಿ ಮುರಿಯುವುದರಲ್ಲಿ ವಿರೋಧಾಭಾಸವಿದೆಯೆಂದು ನಾನೂ ಒಪ್ಪುತ್ತೇನೆ. ಆದರೆ ಮುರಿದುದರ ಫಲವಾಗಿ ಸೆರೆಗೆ ಹೋಗಲು ಸಿದ್ಧನಾಗಿದ್ದವನನ್ನು, ಮುರಿದು ತಪ್ಪಿಸಿಕೊಳ್ಳುವವರ ಸಾಲಿಗೆ ಸೇರಿಸಲಾಗದು.

1975ರ ಜೂನ್ 25ರಂದು ತುರ್ತುಪರಿಸ್ಥಿತಿಯು ಘೋಷಿತವಾದಾಗ ಗೋಪಾಲನ್‌ರಿಗೆ ಎಪ್ಪತ್ತು ವರ್ಷ, ಶರೀರವು ರೋಗಜರ್ಜರಿತ. ಅವರನ್ನೂ ಬಂಧಿಸಿ ಕೆಲವು ದಿನಗಳ ತರುವಾಯ ಬಿಡಲಾಯಿತು. ಘೋಷಣೆಗೆ ಸಂಸತ್ತಿನ ಸಮ್ಮತಿ ಪಡೆಯಲೆಂದು ಜುಲೈ 21ರಂದು ಲೋಕಸಭೆ ಸೇರಿದಾಗ ಪ್ರಶ್ನೋತ್ತರದ ಅವಧಿಯನ್ನು ರದ್ದುಮಾಡಲಾಗಿತ್ತು, ವಿರೋಧಪಕ್ಷಗಳ ಪ್ರಮುಖರನೇಕರು ಸೆರೆಯಲ್ಲಿದ್ದರು, ಸದನದಲ್ಲಿ ಅಂದುದನ್ನು ಪತ್ರಿಕೆಗಳು ಪ್ರಕಟಿಸುವಂತಿರಲಿಲ್ಲ. ಹಳೆಯ ಸಂಗಾತಿಗಳಾದ ಭಾರತ ಕಮ್ಯೂನಿಸ್ಟ್ ಪಕ್ಷದವರು ಸರಕಾರದ ಬೆಂಬಲಕ್ಕೆ ನಿಂತಿದ್ದರು. ಅಂದು ಗೋಪಾಲನ್ ಎದ್ದುನಿಂತು, ಬಂಧಿತ ಸದಸ್ಯರ ಅನುಪಸ್ಥಿತಿಯನ್ನು ಎತ್ತಿತೋರಿಸಿ, ಘೋಷಣೆಯನ್ನು ಖಂಡತುಂಡವಾಗಿ ವಿರೋಧಿಸಿ ಮಾತನಾಡಿದರು. ಜೀವನವೆಲ್ಲ ಸದನದ ಶಕ್ತಿಯನ್ನು ಸಂದೇಹಿಸಿದವನು, ಸದನವು ತನ್ನ ಶಕ್ತಿಯನ್ನು ತಾನೇ ತೊರೆದ ದಿನ ಅದರ ಘನತೆಗಾಗಿ ವಾದಿಸಿದನು. ನನ್ನ ಮಟ್ಟಿಗೆ ಅವರ ಸಂಸದೀಯ ಜೀವನದ ಶಿಖರವು ಇದೇ. ಮಾತು ಹೊರಗೆ ಯಾರಿಗೂ ಕೇಳಿಸದೆಂದು ತಿಳಿದೂ, ದಾಖಲೆಯ ಪುಟದಲ್ಲಿ ಒಂದು ವಿರೋಧವಾದರೂ ಉಳಿಯಲೆಂದು ಆಡುವವನಿಗೇ ಸಂಸತ್ತಿನ ನಿಜವಾದ ಬೆಲೆ ಗೊತ್ತು.

ಇಷ್ಟೆಲ್ಲ ಹೇಳಿದ ಮೇಲೆ ಅವರ ದೃಷ್ಟಿಯ ಒಂದು ಮಬ್ಬನ್ನು ಮುಚ್ಚಿಡುವುದು ನ್ಯಾಯವಾಗದು. ವಿಚಾರಣೆಯಿಲ್ಲದ ಬಂಧನವನ್ನು ಭಾರತದಲ್ಲಿ ಪ್ರಾಣವನ್ನೇ ಒತ್ತೆಯಿಟ್ಟು ಎದುರಿಸಿದ ಗೋಪಾಲನ್, ಅದೇ ಪದ್ಧತಿಯನ್ನು ಲಕ್ಷೋಪಲಕ್ಷ ಜನರ ಮೇಲೆ ಪ್ರಯೋಗಿಸಿದ ಸೋವಿಯತ್ ಮತ್ತು ಚೀನೀ ರಾಜ್ಯಗಳನ್ನು ಆದರ್ಶವೆಂದು ಎತ್ತಿಹಿಡಿದ ಚಳವಳಿಯಲ್ಲಿ ಕೊನೆಯವರೆಗೂ ನಿಷ್ಠರಾಗಿ ಉಳಿದರು. 1950ರಲ್ಲಿ ತಮ್ಮ ಪರವಾಗಿ ನಂಬಿಯಾರ್‌ರು ಮಂಡಿಸಿದ ವಾದವನ್ನು ಮಾಸ್ಕೋದ ಯಾವ ನ್ಯಾಯಾಲಯವೂ ಅಷ್ಟು ದಿನ ಕುಳಿತು ಆಲಿಸುತ್ತಿರಲಿಲ್ಲವೆಂಬುದನ್ನು ಅವರು ಮನಸ್ಸಿಗೆ ತಂದುಕೊಳ್ಳದಿದ್ದುದು ಅವರ ತಲೆಮಾರಿನ ಎಲ್ಲ ಕಮ್ಯೂನಿಸ್ಟರ ದೋಷವಾಗಿದ್ದಿರಬಹುದು. ದೋಷವು ಸಾಮೂಹಿಕವಾದ ಮಾತ್ರಕ್ಕೆ ಅಳಿಯುವುದಿಲ್ಲ.

1977ರ ಮಾರ್ಚ್ ತಿಂಗಳಲ್ಲಿ ಚುನಾವಣೆಯ ಮತಗಳನ್ನು ಎಣಿಸುತ್ತಿದ್ದಾಗ ಗೋಪಾಲನ್ ತಿರುವನಂತಪುರದ ಆಸ್ಪತ್ರೆಯಲ್ಲಿದ್ದರು. ಉತ್ತರ ಭಾರತದಲ್ಲಿ ಇಂದಿರಾ ಗಾಂಧಿಯವರ ಸರಕಾರವು ಕೊಚ್ಚಿಹೋಯಿತು. ಕೇರಳದಲ್ಲಿಯಾದರೋ 20 ಲೋಕಸಭಾ ಸ್ಥಾನಗಳಲ್ಲಿ ಒಂದನ್ನೂ ಅವರ ಪಕ್ಷವು ಗೆಲ್ಲಲಿಲ್ಲ. ಮಾರ್ಚ್ 21ರಂದು ತುರ್ತುಪರಿಸ್ಥಿತಿಯು ಕೊನೆಗೊಂಡಿತು, 22ರಂದು ಅವರು ತೀರಿಕೊಂಡರು.

ಅವರ ಹೆಸರಿನ ಮೊಕದ್ದಮೆಯ ಗತಿ ಏನಾಯಿತೆಂದು ಹೇಳದೆ ಈ ಬರಹವು ಪೂರ್ಣವಾಗದು. ಮೂಲಭೂತ ಹಕ್ಕುಗಳನ್ನು ಒಂದಕ್ಕೊಂದು ಸಂಬಂಧವಿಲ್ಲದ ಪ್ರತ್ಯೇಕ ಕೋಣೆಗಳಂತೆ ಎಣಿಸಿದ ಆ ತೀರ್ಪಿನ ತರ್ಕವನ್ನು 1970ರಲ್ಲಿ ಬ್ಯಾಂಕ್ ರಾಷ್ಟ್ರೀಕರಣದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠವು ತಳ್ಳಿಹಾಕಿತ್ತು. 1978ರ ಜನವರಿ 25ರಂದು ಮೇನಕಾ ಗಾಂಧಿ ಪ್ರಕರಣದಲ್ಲಿ, ಶಾಸನವು ವಿಧಿಸುವ ಕ್ರಮವು ನ್ಯಾಯಯುತವೂ ಸಮಂಜಸವೂ ಆಗಿರಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು ಸಾರಿತು. ಇಂದು ಗೌರವಯುತ ಜೀವನ, ಶಿಕ್ಷಣ, ಖಾಸಗಿತನ ಮೊದಲಾದ ಹಕ್ಕುಗಳನ್ನು ನಮ್ಮ ನ್ಯಾಯಾಲಯಗಳು ಕಂಡುಕೊಳ್ಳುತ್ತಿರುವುದು ಹೀಗೆ ವಿಸ್ತಾರಗೊಂಡ ಅದೇ 21ನೆಯ ಅನುಚ್ಛೇದದಲ್ಲಿ. ಆದರೆ ಮುಂಜಾಗ್ರತಾ ಬಂಧನಕ್ಕೆ ಆಸ್ಪದವೀಯುವ 22ನೆಯ ಅನುಚ್ಛೇದದ ಉಪವಿಧಿಗಳು ಸಂವಿಧಾನದಲ್ಲಿ ಹಾಗೆಯೇ ಉಳಿದಿವೆ. 1980ರ ರಾಷ್ಟ್ರೀಯ ಭದ್ರತಾ ಕಾಯಿದೆಯಂತೆ ವಿಚಾರಣೆಯಿಲ್ಲದೆ ಜನರನ್ನು ಬಂಧಿಸುವುದು ಇಂದಿಗೂ ನಡೆದಿದೆ.